ಮುಟ್ಟದೆ ಬಿಟ್ಟ ತಟ್ಟೆ

“ತತ್ತಿ ತಿನ್ನಂಗಿಲ್ಲೇನ್ರಿ?”

ಅಲಮೇಲು ಬೆಚ್ಚಿ ತಲೆಯೆತ್ತಿದಳು. ಮುಂಬಯಿಯ ಬಾಂದ್ರಾದ ಗಲ್ಲಿಯ ಪುಟ್ಟ ಫ್ರೆಂಚ್ ಹೋಟೆಲಿನಲ್ಲಿ, ಬಿಳಿ ಏಪ್ರನ್ ಕಟ್ಟಿದ ಅಡುಗೆಯವನ ಬಾಯಲ್ಲಿ ಗದಗಿನ ಕನ್ನಡ! ಎದುರಿನ ಆಮ್ಲೆಟ್ ಕಂಡು ಅವಳು “ಅಯ್ಯೋ, ಇದನ್ನ ಹೇಗಪ್ಪಾ ತಿನ್ನೋದು” ಎಂದು ಗೊಣಗಿದ್ದು ಅವನಿಗೆ ಕೇಳಿಬಿಟ್ಟಿತ್ತು.

“ತಡೀರಿ. ತತ್ತಿ ಮುಟ್ಟದ ಬ್ಯಾರೆ ಹೆಂಚ ಐತಿ. ಮಾಡಿ ತರ್ತೀನಿ.”

ತಂದದ್ದು ದೋಸೆಯ ತಂಗಿಯಂಥ ತೆಳ್ಳನೆಯ ಕ್ರೇಪ್. ಒಳಗೆ ಬಾಳೆಹಣ್ಣು, ಬೆಲ್ಲ. ತಂದವನ ಹೆಸರು ಅಣವೀರಪ್ಪ.

ಇದು ಎಂಬತ್ತೆಂಟರ ಮಾತು. ಚೆಂಬೂರಿನ ಅಯ್ಯಂಗಾರ್ ಮನೆಯ ಹುಡುಗಿ ಫ್ರೆಂಚ್ ಕ್ಲಾಸಿನವರ ಜೊತೆ ಅಲ್ಲಿಗೆ ಬಂದಿದ್ದಳು. ಮೂರು ತಿಂಗಳಿಗೆ ಕ್ಲಾಸು ಮುಗಿಯಿತು, ಅಲಮೇಲುವಿನ ಭಾನುವಾರಗಳು ಮುಗಿಯಲಿಲ್ಲ. “ಕ್ಲಾಸಿದೆ ಅಮ್ಮಾ” ಎಂದು ಸುಳ್ಳು ಹೇಳಿ, ವಡಾಲದಲ್ಲಿ ಲೋಕಲ್ ರೈಲು ಬದಲಿಸಿ, ಹನ್ನೊಂದಕ್ಕೆ ಕಿಟಕಿ ಪಕ್ಕ ಹಾಜರು. ಅವನೇ ತಟ್ಟೆ ತಂದಿಟ್ಟು “ಹೆಂಗಾಗೇತ್ರಿ?” ಎನ್ನುತ್ತಿದ್ದ. ಅಷ್ಟು ಮಾತಿನಲ್ಲೇ ಅವಳ ವಾರ ಕಳೆಯುತ್ತಿತ್ತು.

ಒಮ್ಮೆ ಧೈರ್ಯ ಮಾಡಿ ಮನೆಯವರ ಬಗ್ಗೆ ಕೇಳಿದಳು.

“ಅಪ್ಪ ಗಾರೆ ಕೆಲಸ ಮಾಡ್ತಾನ್ರಿ. ಕುರ್ಲಾದಾಗ ಜೋಪಡಿ,” ಎಂದ.

ಅದರ ಮರು ಭಾನುವಾರವೇ ಏಕಾದಶಿ ಬಿತ್ತು. ಉಪವಾಸದ ಹುಡುಗಿ ಮನೆಯಲ್ಲಿರಬೇಕೋ ಬೇಡವೋ? ಇವಳು ಬಂದಳು. ನೋಡದೆ ಇನ್ನೊಂದು ವಾರ... ಆಗುವ ಮಾತಲ್ಲ.

ಅವಳು ಕೇಳುವ ಮೊದಲೇ ಅವನು ತಟ್ಟೆ ತಂದಿಟ್ಟ.

‘ಉಪವಾಸ ಅಂದರೆ, ಮತ್ತೆ ಯಾಕೆ ಬಂದಿರಿ ಅಂತಾನೆ. ಏನು ಹೇಳಲಿ?’

ನಾಚಿಕೆಯಾಗಿ, ತಟ್ಟೆ ಮುಟ್ಟದೆ ಎದ್ದು ಹೋದಳು.

ಮುಂದಿನ ಎರಡು ಭಾನುವಾರ ಅವನು ಅಡುಗೆಮನೆಯ ಪರದೆ ದಾಟಲಿಲ್ಲ. ಬೇರೆಯವರು ಮಾಡಿ ತಂದದ್ದನ್ನು ಅವಳು ಅರ್ಧಕ್ಕೇ ಬಿಟ್ಟಳು. ಪರದೆ ಅಲುಗಿದಾಗಲೆಲ್ಲ ಅತ್ತ ತಿರುಗುತ್ತಿದ್ದಳು. ‘ನಾನೇನು ತಪ್ಪು ಮಾಡಿದೆ?’

ಮೂರನೆಯ ವಾರ, ಪಾತ್ರೆ ತೊಳೆಯುವ ದಾನವ್ವ ತಾನಾಗಿಯೇ ಅವಳ ಬಳಿ ಬಂದಳು.

“ಅಣವೀರ ನಾಳೆ ಪುಣೆದ ಹೋಟೆಲಿಗೆ ಹೊಂಟಾನವ್ವ. ನೀ ಅವತ್ತ ಮುಟ್ಟದಂಗ ಎದ್ದು ಹೋದಿ. ಗಾರೆಯವನ ಮಗ ಅಂತ ತಿಳಿದ ಮ್ಯಾಲೆ ತನ್ನ ಕೈಯಾಗಿಂದು ನಿನಗ ನಡಿಯಂಗಿಲ್ಲ ಅಂತ ಮನಸಿಗೆ ಹಚ್ಚಿಕೊಂಡಾನ.”

ಅಲಮೇಲು ಎದ್ದವಳೇ ಪರದೆ ಸರಿಸಿದಳು. ಕೊನೆಯ ಸಲವೆಂದು ಅವನು ಆ ಬೇರೆ ಹೆಂಚಿನ ಮೇಲೆ ಅವಳಿಗೇ ಕ್ರೇಪ್ ಹಾಕಿದ್ದ.

“ಅವತ್ತು ಏಕಾದಶಿ. ನಮ್ಮನೇಲಿ ಏನೂ ತಿನ್ನಲ್ಲ.”

ಅವನ ಕೈ ಅಲ್ಲೇ ನಿಂತಿತು. “ಉಪವಾಸ ಇದ್ದಾಕಿ ಹೋಟೆಲಿಗೆ ಯಾಕ ಬಂದ್ರಿ?”

ಯಾವ ಪ್ರಶ್ನೆಗೆ ಹೆದರಿ ಓಡಿದ್ದಳೋ ಅದೇ ಪ್ರಶ್ನೆ.

“ತಿನ್ನೋಕೆ ಬಂದಿರಲಿಲ್ಲ,” ಎಂದಳು.

ಅವನಿಗೆ ಅರ್ಥವಾಗುವಷ್ಟರಲ್ಲಿ ಕ್ರೇಪ್ ಸೀದುಹೋಗಿತ್ತು. ಅವಳು ಅದನ್ನೇ ಮುರಿದು ಬಾಯಿಗಿಟ್ಟುಕೊಂಡಳು.

“ಸೀದೈತ್ರಿ, ಬ್ಯಾಡ...”

“ಪುಣೆಗೆ ಹೋಗ್ಬೇಡಿ.”

“ಹೋಗಂಗಿಲ್ಲ.” ಅವನು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡ. “ಮತ್ತ ರವಿವಾರ ಏಕಾದಶಿ ಬಂದ್ರ?”

“ಬರ್ತೀನಿ. ನನಗೇನೂ ಮಾಡ್ಬೇಡಿ. ಎದುರಿಗೆ ಬಂದು ಕೂತ್ಕೊಳ್ಳಿ, ಸಾಕು.”