ನೀವ ನೋಡ್ತೀರಿ ಅಂದ್ಕೊಂಡಿದ್ದೆ

"ಏಳ್ರಿ ಆ ಕುರ್ಚಿ ಬಿಟ್ಟು!"

ಉಮಾಶ್ರೀಯ ದನಿಗೆ ಇಡೀ ಗೋದಾಮು ತಿರುಗಿ ನೋಡಿತು. ಔಷಧಿಯ ಡಬ್ಬಿ ಹೊರುತ್ತಿದ್ದವರು ಇದ್ದಲ್ಲೇ ನಿಂತರು. ಅವಳ ಕಂಪ್ಯೂಟರಿನ ಮುಂದೆ, ಅವಳದೇ ಕುರ್ಚಿಯಲ್ಲಿ ಯಾರೋ ಅಪರಿಚಿತ ಕೂತು ಏನೇನೋ ಒತ್ತುತ್ತಿದ್ದ.

ಅವನು ಎದ್ದ ರಭಸಕ್ಕೆ ಚಹಾದ ಕಪ್ಪು ಉರುಳಿ ಬಿಳಿ ಅಂಗಿಯೆಲ್ಲ ಕಂದಾಯಿತು.

"ಸಾರಿ ಮೇಡಂ... ಸಾಹುಕಾರ್ರ ಕೂಡು ಅಂದ್ರು..."

"ಅವರು ಅಂದ್ರ ನನ್ನ ಜಾಗಾದಾಗ ಕೂಡೂದಾ? ಯಾರ್ರಿ ನೀವು?"

"ಬಸವಪ್ರಸಾದ ಅಂತ. ರೋಣದಾಂವ. ಹುಬ್ಬಳ್ಳಿ ಕಂಪನಿಯಿಂದ ಬಂದೀನಿ. ನಿಮ್ಮ ಕೆಲಸ ತಾನ ಮಾಡೂವಂಥಾ ಬಾಟ್ ಹಾಕಾಕ..."

ಮಾತು ಹೊರಬಿದ್ದ ಮೇಲೆ ಅವನು ನಾಲಿಗೆ ಕಚ್ಚಿಕೊಂಡ. ಆದರೆ ತಡವಾಗಿತ್ತು.

ನನ್ನ ಕೆಲಸ ತಾನೇ ಮಾಡುತ್ತದಂತೆ! ಹಾಗಾದರೆ ನಾನು?

ಉಮಾಶ್ರೀಯ ಕಣ್ಣು ತುಂಬಿ ಬಂದವು. ಅವನಿಗೆ ಕಾಣಿಸಬಾರದೆಂದು ಮುಖ ತಿರುಗಿಸಿದಳು.

ಗಜೇಂದ್ರಗಡದ ನೇಕಾರರ ಮನೆಯ ಹುಡುಗಿ ಅವಳು. ಅಪ್ಪ ಗವಿಸಿದ್ದಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸೀರೆ ನೇಯ್ದೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದ. ಅಕ್ಕ ಅನ್ನಪೂರ್ಣಳನ್ನು ಹೊಳೆಯ ದಂಡೆಯ ಕೊಣ್ಣೂರಿಗೆ ಕೊಟ್ಟಿದ್ದರು. ಉಮಾಶ್ರೀ ನರಗುಂದದಲ್ಲಿ ಒಂದು ಖೋಲಿ ಹಿಡಿದು, ಶರಣಬಸಪ್ಪನವರ ಔಷಧಿ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಸುತ್ತಲಿನ ಹಳ್ಳಿಗಳ ಮೆಡಿಕಲ್ ಅಂಗಡಿಯವರು ಮೊಬೈಲಿನಲ್ಲಿ ಕಳಿಸುವ ಆರ್ಡರುಗಳನ್ನು ಒಂದೊಂದಾಗಿ ಓದುವುದು, ಕಂಪ್ಯೂಟರಿಗೆ ಹಾಕುವುದು, ಬಿಲ್ ತೆಗೆಯುವುದು, ಯಾವ ಗಾಡಿಗೆ ಯಾವ ಡಬ್ಬಿ ಎಂದು ಹೇಳುವುದು. ಇದೇ ಅವಳ ಜಗತ್ತು.

ಮರುದಿನ ಬಸವಪ್ರಸಾದ ತಾನೇ ಒಂದು ಸ್ಟೂಲು ತಂದು ಅವಳ ಕುರ್ಚಿಯ ಪಕ್ಕದಲ್ಲಿ ಕೂತ.

"ಮೇಡಂ, ಬಾಟ್ ಅಂದ್ರ ಕೈಕಾಲು ಇರೂ ಮನಷ್ಯಾ ಅಲ್ರಿ. ನೀವು ಮೌಸ್ ಹಿಡದು ಏನ್ ಮಾಡ್ತೀರಿ, ಅದನ್ನ ನೋಡಿ ಹಂಗ ಮಾಡೂ ಒಂದು ಪ್ರೋಗ್ರಾಮ್. ನೀವು ಕಲಿಸಲಿಲ್ಲಂದ್ರ ಅದಕ್ಕ ಏನೂ ಬರಂಗಿಲ್ಲ."

"ನಾನ ಕಲಿಸಿ, ನಾನ ಮನಿಗೆ ಹೋಗ್ಬೇಕು. ಹೌದಲ್ರಿ?"

"ಇಲ್ರಿ! ಸಾಹುಕಾರ್ರಿಗೆ ಮೊದಲ ಕೇಳ್ಕೊಂಡೀನಿ. ಯಾರನ್ನೂ ಬಿಡಸಂಗಿಲ್ಲ ಅಂದ್ರನ ಈ ಕೆಲಸ ಮಾಡ್ತೀನಿ ಅಂತ ಹೇಳೀನಿ."

ಅವಳು ಅವನ ಮುಖ ನೋಡಿದಳು. ಸುಳ್ಳು ಹೇಳುವ ಮುಖವಲ್ಲ... ಆದರೂ ನಂಬುವುದು ಹೇಗೆ?

"ಎಲ್ಲಾ ಒಮ್ಮೆಲೆ ಬ್ಯಾಡ. ಒಂದ ಕೆಲಸದಿಂದ ಸುರು ಮಾಡೂಣು," ಎಂದ ಅವನು. "ನಿಮಗ ಭಾಳ ಬ್ಯಾಸರಾಗೂ ಕೆಲಸ ಯಾವುದು, ಹೇಳ್ರಿ."

ಇಷ್ಟು ದಿನ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ!

ಹೀಗೆ ಶುರುವಾಯಿತು. ಅವಳು ಮಾಡುತ್ತಿದ್ದಳು, ಅವನು ನೋಡುತ್ತಿದ್ದ. "ಇದನ್ನ ಯಾಕ ಹಿಂಗ ಮಾಡಿದ್ರಿ?" ಎಂದು ಹೆಜ್ಜೆಹೆಜ್ಜೆಗೂ ಕೇಳುತ್ತಿದ್ದ. ಮಧ್ಯಾಹ್ನ ಅವಳ ಡಬ್ಬಿಯ ರೊಟ್ಟಿಯಲ್ಲಿ ಅವನಿಗೂ ಪಾಲು ಬಂತು. ಅವನ ಅವ್ವ ನೀಲವ್ವ ರೋಣದಿಂದ ಕಳಿಸಿದ ಶೇಂಗಾ ಚಟ್ನಿ ಅವಳ ಡಬ್ಬಿ ಸೇರಿತು.

ಬಾಟ್ ಮೊದಲ ಬಿಲ್ ತಾನೇ ತೆಗೆದ ದಿನ ಇಬ್ಬರೂ ಮಕ್ಕಳಂತೆ ಕೂಗಿದರು. ಕೂಗುವ ಭರದಲ್ಲಿ ಅವನು ಅವಳ ಕೈ ಹಿಡಿದಿದ್ದ. ಗೊತ್ತಾದ ಕೂಡಲೇ ಬಿಟ್ಟ. ಅವಳು ಮಾತ್ರ ಆ ಕೈಯನ್ನು ಸಂಜೆಯವರೆಗೂ ಇನ್ನೊಂದು ಕೈಯಲ್ಲಿ ಮುಚ್ಚಿ ಇಟ್ಟುಕೊಂಡಿದ್ದಳು...

ಇದೇನು ಹೀಗೆ! ಬೈಯಬೇಕು ಅಂತ ಕೂತವಳು, ಇವನು ಬರುವುದು ತಡವಾದರೆ ಬಾಗಿಲು ನೋಡುತ್ತೇನಲ್ಲ!

ಮಳೆಗಾಲ ಬರುವ ಹೊತ್ತಿಗೆ ಆರ್ಡರು, ಬಿಲ್ಲು, ಗಾಡಿ ಎಲ್ಲವೂ ಬಾಟ್ ಕೈಗೆ ಹೋಗಿತ್ತು. ಅದಕ್ಕೆ ಅರ್ಥವಾಗದ್ದನ್ನು ಅದು ಮುಂದೆ ಕಳಿಸುತ್ತಿರಲಿಲ್ಲ. 'ತಡೆದ ಆರ್ಡರ್' ಎಂದು ಬೇರೆ ಪರದೆಯಲ್ಲಿ ಇಡುತ್ತಿತ್ತು, ಯಾರಾದರೂ ನೋಡಿ ಬಿಡಿಸಲಿ ಎಂದು. ಮೊದಮೊದಲು ಇಬ್ಬರೂ ದಿನಾ ನೋಡುತ್ತಿದ್ದರು. ಅಲ್ಲಿ ಏನೂ ಇರುತ್ತಿರಲಿಲ್ಲ. ಬರಬರುತ್ತ ಆ ಹೊತ್ತು ಚಹಾಕ್ಕೆ ಹೋಯಿತು, ಮಾತಿಗೆ ಹೋಯಿತು, ಹೇಳಬೇಕೆಂದು ಹೇಳದೇ ಉಳಿದ ಮಾತುಗಳಿಗೆ ಹೋಯಿತು.

ಆ ವರ್ಷ ಮಲಪ್ರಭೆ ಬಂದ ಬಗೆ ನೋಡಿ ಹಿರಿಯರೂ ಹೆದರಿದರು. ಮೇಲೆ ಬಿಡದ ಮಳೆ, ಡ್ಯಾಮಿನಿಂದ ಬಿಟ್ಟ ನೀರು. ಕೊಣ್ಣೂರಿನ ಸೇತುವೆ ಮುಳುಗಿತು. ಊರೊಳಗೂ ನೀರು ನುಗ್ಗಿತು.

ಬೆಳಿಗ್ಗೆ ಉಮಾಶ್ರೀ ಗೋದಾಮಿಗೆ ಬಂದು ಕೂತಿದ್ದಳಷ್ಟೆ, ಫೋನ್ ಬಂತು. ಕೊಣ್ಣೂರಿನ ಮೆಡಿಕಲ್ ಅಂಗಡಿಯ ಕಲ್ಲೇಶ. ದನಿ ಕಡಿದು ಕಡಿದು ಕೇಳುತ್ತಿತ್ತು.

"ಮೇಡಂ... ಇಲ್ಲಿ ನೆಟ್‌ವರ್ಕ್ ಇರಲಿಲ್ಲ... ನಾ ಹಾಕಿದ ಇನ್ಸುಲಿನ್ ಆರ್ಡರ್ ಏನಾತ್ರಿ? ದವಾಖಾನಿಗೂ ನೀರು ಹೊಕ್ಕೈತಿ... ನಿಮ್ಮ ಅಕ್ಕಾರ ಕಡೆ ಇದ್ದದ್ದು ಮುಗದೈತ್ರಿ. ಸಾಲ್ಯಾಗ ಮಲಗಸ್ಯಾರ. ವಾಂತಿ ನಿಂದರವಲ್ದು... ಲಗೂ ಏನರ ಮಾಡ್ರಿ..."

ಫೋನ್ ಕಡಿಯಿತು.

ಅನ್ನಪೂರ್ಣ ತುಂಬು ಬಸುರಿ. ಸಕ್ಕರೆ ಕಾಯಿಲೆ ಬೇರೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ.

ಉಮಾಶ್ರೀ ಮೌಸಿಗೆ ಕೈ ಹಾಕಿದಳು. ಪರದೆ ತೆರೆದಳು. ತಡೆದ ಆರ್ಡರ್... ಕೊಣ್ಣೂರು!

ರಸ್ತೆ ಇನ್ನೂ ತೆರೆದಿದ್ದಾಗಲೇ ಬಂದ ಆರ್ಡರು ಅದು. ಹೊಸದನ್ನು ಕಳಿಸುವ ಮೊದಲು ಹಿಂದಿನ ಮಾಲು ಮುಟ್ಟಿತೇ ಎಂದು ಬಾಟ್ ಕಲ್ಲೇಶನಿಗೆ ಮೆಸೇಜ್ ಕಳಿಸಿತ್ತು. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿದ್ದರಿಂದ ಕಲ್ಲೇಶ ಉತ್ತರ ಕೊಟ್ಟಿರಲಿಲ್ಲ. ಉತ್ತರ ಬಾರದ ಆರ್ಡರನ್ನು ಬಾಟ್ ತಡೆದು ಇಟ್ಟಿತ್ತು. ಕಲಿಸಿದಂತೆಯೇ ಮಾಡಿತ್ತು. ಯಾರೂ ನೋಡಿರಲಿಲ್ಲ ಅಷ್ಟೆ.

"ಪ್ರಸಾದ್!"

ಅವಳ ಕೂಗಿಗೆ ಬಸವಪ್ರಸಾದ ಓಡಿ ಬಂದ. ಪರದೆ ನೋಡಿದವನ ಮುಖ ಬಿಳಿಚಿತು.

"ಇದನ್ನ ನೀವು ದಿನಾ ನೋಡಬೇಕಾಗಿತ್ತಲ್ರಿ!" ಎಂದಳು ಅವಳು.

"ನಾನು... ನೀವ ನೋಡ್ತೀರಿ ಅಂದ್ಕೊಂಡಿದ್ದೆ."

"ನಾನೂ ನೀವ ನೋಡ್ತೀರಿ ಅಂದ್ಕೊಂಡಿದ್ದೆ!"

ಮರುಕ್ಷಣ ಅವಳೊಳಗಿನ ಭಯವೆಲ್ಲ ಬೆಂಕಿಯಾಗಿ ಅವನ ಮೇಲೆ ಬಿತ್ತು.

"ನಾ ಕೈಲೆ ಬರಕೋತ ಇದ್ದಾಗ ಹಿಂಗ ಒಮ್ಮೆನೂ ಆಗಿರಲಿಲ್ಲ! ನೀವು ಬಂದ್ರಿ, ನಿಮ್ಮ ಬಾಟ್ ಬಂತು! ನಮ್ಮಕ್ಕಗ ಏನರ ಆದ್ರ ನಿಮ್ಮ ಮಾರಿ ಸುದ್ದಾ ನೋಡಂಗಿಲ್ಲ! ಹೋಗ್ರಿ ಇಲ್ಲಿಂದ... ಹೋಗ್ರಿ!"

ಅವನು ತಲೆ ತಗ್ಗಿಸಿ ಹೊರಗೆ ಹೋದ.

ಅವಳು ಸಿಕ್ಕಸಿಕ್ಕವರಿಗೆ ಫೋನ್ ಹಚ್ಚಿದಳು. ತಾಲ್ಲೂಕು ಕಚೇರಿಯವರು ಬೋಟು ಬೇರೆ ಊರಿಗೆ ಹೋಗಿದೆ, ಬಂದ ಕೂಡಲೇ ಕಳಿಸುತ್ತೇವೆ ಎಂದರು. ಅತ್ತ ಗಜೇಂದ್ರಗಡದಿಂದ ಅವ್ವ ಸುಶೀಲವ್ವ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು.

"ಅಕ್ಕ ಹ್ಯಾಂಗ ಅದಾಳ ಉಮಾ? ಫೋನ ಹತ್ತವಲ್ದು ಅಕಿದು..."

"ಚಲೋ ಅದಾಳ ಅವ್ವ... ನೆಟ್‌ವರ್ಕ್ ಇಲ್ಲ, ಅದಕ್ಕ."

ಸುಳ್ಳು ಹೇಳಿ ಫೋನ್ ಇಟ್ಟಳು. ಯಾರಾದರೂ ಪಕ್ಕದಲ್ಲಿರಬೇಕಿತ್ತು. ಯಾರಾದರೂ ಅಲ್ಲ... ಅವನು.

ಹುಡುಕಿದಳು. ಸ್ಟೂಲು ಖಾಲಿ. ಬ್ಯಾಗಿಲ್ಲ. ಫೋನ್ ಸ್ವಿಚ್ ಆಫ್!

"ಬಸವಪ್ರಸಾದ ಸರ್ ಎಲ್ಲಿ?"

"ಬಸ್‌ಸ್ಟ್ಯಾಂಡ್ ಕಡೆ ಹೋದರ್ರಿ, ಬ್ಯಾಗ್ ಹಾಕ್ಕೊಂಡು. ಆಗಳೆ," ಎಂದ ಡಬ್ಬಿ ಹೊರುವವನೊಬ್ಬ.

ಹುಬ್ಬಳ್ಳಿ ಬಸ್ ಹತ್ತಿಬಿಟ್ಟನೇ? ಹೋಗು ಎಂದೆ ನಿಜ. ಹೋಗಿಯೇ ಬಿಡುವುದೇ! ಇಂಥ ಹೊತ್ತಿನಲ್ಲಿ! ಇಂಥವನಿಗಾಗಿಯೇ ನಾನು ಬಾಗಿಲು ನೋಡುತ್ತಿದ್ದೆನೇ?

ಅಳುವುದಕ್ಕೂ ಪುರಸೊತ್ತಿರಲಿಲ್ಲ. ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು ಮಂಜುಗಡ್ಡೆಯ ಡಬ್ಬಿಗೆ ಹಾಕಿಕೊಂಡಳು. ಅವಳ ಅವಸ್ಥೆ ನೋಡಿ ಸಾಹುಕಾರ ಶರಣಬಸಪ್ಪನವರೇ ಕಾರು ತೆಗೆದರು.

"ಹತ್ತವಾ, ಎಲ್ಲಿತನ ಹಾದಿ ಐತಿ ಅಲ್ಲಿತನ ಹೋಗೂಣು."

ಹಾದಿ ಕೊಣ್ಣೂರಿನ ಈಚೆಗೇ ಮುಗಿದಿತ್ತು. ಹಳ್ಳದ ನೀರು ರಸ್ತೆಯನ್ನು ನುಂಗಿ ಕೆಂಪಗೆ ಹರಿಯುತ್ತಿತ್ತು. ಪೊಲೀಸರು ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ಆ ಗುಂಪಿನ ಬದಿಯಲ್ಲಿ ಗೋದಾಮಿನ ಗಾಡಿ ನಿಂತಿತ್ತು! ಅದರ ಮುಂದೆ ತಲೆ ಹಿಡಿದು ಕೂತಿದ್ದ ಡ್ರೈವರ್ ರಮಜಾನಸಾಬ.

"ಚಾಚಾ! ನೀವು ಇಲ್ಲಿ ಹ್ಯಾಂಗ?"

ರಮಜಾನಸಾಬ ಎದ್ದು ನಿಂತ. ಕಣ್ಣು ಕೆಂಪಾಗಿದ್ದವು.

"ಬಸ್‌ಸ್ಟ್ಯಾಂಡಿನ್ಯಾಗ ಗಾಡಿ ನಿಂದರಸಿದ್ದೆ, ಪ್ರಸಾದ್ ಸರ್ ಅಲ್ಲಿಗೆ ಓಡಿ ಬಂದ್ರವಾ. ಬ್ಯಾಗಿನಾಗ ಇನ್ಸುಲಿನ್ ಡಬ್ಬಿ ಇತ್ತು. ಕೊಣ್ಣೂರಿಗೆ ನಡಿ ಚಾಚಾ ಅಂದ್ರು. ಇಲ್ಲಿ ಬರೂದ್ರಾಗ ನೀರು ಏರಿತ್ತು. ಯಾರದೋ ಟ್ರ್ಯಾಕ್ಟರ್ ಆ ಕಡೆ ಹೊಂಟಿತ್ತು, ಹತ್ತೇ ಬಿಟ್ರು..."

"ಹತ್ತಿ?"

"ನಡು ನೀರಾಗ ಟ್ರ್ಯಾಕ್ಟರ್ ಪಲ್ಟಿ ಆತವ್ವ..." ಅವನು ನೀರಿನತ್ತ ಕೈ ತೋರಿಸಿದ. "ಡ್ರೈವರ್ ಗಿಡಾ ಹಿಡ್ಕೊಂಡು ಉಳದಾನ. ನಿಮ್ಮ ಸರ್... ನನಗ ಕಾಣಲಿಲ್ಲ."

ಉಮಾಶ್ರೀ ಕೆಸರಿನಲ್ಲೇ ಕುಸಿದು ಕೂತಳು.

ಅತ್ತ ಅಕ್ಕ. ಇತ್ತ ಅವನು. ನಡುವೆ ಈ ನೀರು.

ಹೋಗ್ರಿ ಅಂದೆ. ನಾನೇ ಅಂದೆ. ಆ ಪರದೆಯನ್ನು ನಾನೂ ನೋಡಿರಲಿಲ್ಲ. ಆ ಹೊತ್ತಿನಲ್ಲಿ ನಾನೂ ಅವನ ಜೊತೆ ಚಹಾ ಕುಡಿಯುತ್ತಿದ್ದೆ, ನಗುತ್ತಿದ್ದೆ. ತಪ್ಪಿನಲ್ಲಿ ಅರ್ಧ ನನ್ನದಿತ್ತು. ಪೂರ್ತಿ ಅವನ ತಲೆಗೆ ಕಟ್ಟಿ ನೀರಿಗೆ ಕಳಿಸಿಬಿಟ್ಟೆ!

"ಪ್ರಸಾದ್!" ಎಂದು ನೀರಿಗೆ ಮುಖಮಾಡಿ ಕೂಗಿದಳು. ಹಗ್ಗ ದಾಟಿ ಹೋಗಲು ನುಗ್ಗಿದವಳನ್ನು ಶರಣಬಸಪ್ಪನವರು ಹಿಡಿದು ನಿಲ್ಲಿಸಿದರು. ನೀರು ಯಾರ ಕೂಗಿಗೂ ಓಗೊಡಲಿಲ್ಲ.

ಕೊನೆಗೂ ಬೋಟು ಬಂತು. ಬೋಟಿನವರು ಮೊದಲು ಅವಳನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ಕೈ ಮುಗಿದಳು.

"ನಮ್ಮಕ್ಕ ಅದಾಳ್ರಿ ಅಲ್ಲಿ, ಬಸುರಿ ಹೆಣಮಗಳು. ಇನ್ನೊಬ್ಬರು... ಅವರೂ ಅಲ್ಲೇ ಅದಾರ್ರಿ. ಇರಬೇಕ್ರಿ ಅವರು. ನಿಮ್ಮ ಕಾಲ ಬೀಳ್ತೀನಿ!"

ಬೋಟಿನ ಹಿರಿಯ ಸಿಬ್ಬಂದಿ ಅವಳ ಮುಖ ನೋಡಿ ಸುಮ್ಮನೆ ಕೈ ಚಾಚಿದ.

ನೀರಿನುದ್ದಕ್ಕೂ ಅವಳ ಕಣ್ಣು ತೇಲಿಬರುವ ಪ್ರತಿಯೊಂದನ್ನೂ ಹುಡುಕುತ್ತಿದ್ದವು. ಎಲ್ಲೋ ಒಂದು ಬಿಳಿ ಬಟ್ಟೆ ಕಂಡು "ಅಲ್ಲಿ!" ಎಂದು ಚೀರಿದಳು. ಹತ್ತಿರ ಹೋದರೆ ಗೊಬ್ಬರದ ಖಾಲಿ ಚೀಲ.

ಶಾಲೆಯ ಮುಂದೆ ಇಳಿದವಳು ಬರಿಗಾಲಲ್ಲಿ ಓಡಿದಳು. ಬೆಂಚು ಜೋಡಿಸಿ ಮಾಡಿದ ಹಾಸಿಗೆಯ ಮೇಲೆ ಅನ್ನಪೂರ್ಣ ಮಲಗಿದ್ದಳು. ಕೈಗೆ ಸಲೈನ್ ಹಚ್ಚಿದ್ದರು.

"ಅಕ್ಕಾ! ಅಕ್ಕಾ, ಇನ್ಸುಲಿನ್ ತಂದೀನಿ! ಡಾಕ್ಟ್ರೇ, ಲಗೂ..."

"ಆಗಳೆ ಕೊಟ್ಟಾತಲ್ಲವಾ," ಎಂದರು ಡಾಕ್ಟರಮ್ಮ. "ಈಗ ಸಕ್ಕರೆ ಇಳೀಲಿಕ್ಕೆ ಹತ್ತೈತಿ. ಕೂಸಿನ ಎದಿ ಬಡಿತಾನೂ ಚಲೋ ಐತಿ. ಇನ್ನೊಂದು ತಾಸು ತಡಾ ಆಗಿದ್ರ ನನಗೂ ಹೇಳಾಕ ಬರ್ತಿದ್ದಿಲ್ಲ."

"ಕೊಟ್ಟಾತ? ಎಲ್ಲಿಂದ ಬಂತ್ರಿ?"

ಅನ್ನಪೂರ್ಣ ಕಷ್ಟಪಟ್ಟು ಕಣ್ಣು ತೆರೆದಳು. ಒಣಗಿದ ತುಟಿಯಲ್ಲಿ ಸಣ್ಣ ನಗು.

"ಉಮಾ... ಆ ಹುಡುಗ ತಂದ. ಡಬ್ಬಿ ತಲಿ ಮ್ಯಾಲೆ ಹೊತ್ಕೊಂಡು, ಪಲ್ಟಿ ಆದ ಟ್ರ್ಯಾಕ್ಟರಿನಿಂದ ಎದಿಮಟಾ ನೀರಾಗ ನಡಕೋತ ಬಂದಾನ. ಹೊರಗ ಕಟ್ಟಿ ಮ್ಯಾಲೆ ಕುಂತಾನ ನೋಡು, ಹೋಗು..."

ಉಮಾಶ್ರೀ ತಾನು ತಂದ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಓಡಿದಳು. ಬಾಗಿಲು ದಾಟುವಷ್ಟರಲ್ಲಿ ಕಣ್ಣು ಮಂಜಾಗಿ ಗೋಡೆ ಹಿಡಿದಳು.

ಅವನು ಅಲ್ಲಿದ್ದ. ಯಾರದೋ ಕೌದಿ ಹೊದ್ದು, ಕಾಲಿಗೆ ಬ್ಯಾಂಡೇಜು ಕಟ್ಟಿಸಿಕೊಂಡು, ಕೂದಲಿಂದ ಕೆಸರು ಸೋರುತ್ತಾ... ಬದುಕಿದ್ದ!

ಅವಳನ್ನು ಕಂಡು ಎದ್ದು ನಿಲ್ಲಲು ಹೋದ.

"ಉಮಾಶ್ರೀ, ತಪ್ಪು ನಂದ ಐತಿ. ನನ್ನ ಮಾರಿ ನೋಡಬ್ಯಾಡ್ರಿ. ನಾ ಹೋಗ್ತೀನಿ, ನೀರು ಇಳದ ಮ್ಯಾಲೆ..."

ಅವಳು ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು. ಮತ್ತೊಮ್ಮೆ ಗುದ್ದಿದಳು. ಆಮೇಲೆ ಅದೇ ಎದೆಗೆ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು. ಸುತ್ತ ಊರಿನ ಜನ ಇದ್ದರು. ನೋಡಲಿ! ಯಾರು ಬೇಕಾದರೂ ನೋಡಲಿ!

"ಸತ್ರಿ ಅಂದ್ಕೊಂಡಿದ್ದೆ... ಓಡಿ ಹೋದ್ರಿ ಅಂತ ಬೈಕೊಂಡಿದ್ದೆ... ಹೇಳಿ ಹೋಗಬಾರದಾಗಿತ್ತಾ?"

"ಹೇಳಿದ್ರ ನೀವೂ ಬರ್ತಿದ್ರಿ. ನೀರು ನೋಡೀರಲ್ಲ? ನನಗ ಏನ ಆದ್ರೂ ನಡೀತಿತ್ತು. ನಿಮಗ..."

"ನನಗ ಆದ್ರ?"

"ನನ್ನ ಕಡೆ ಮತ್ತೇನೂ ಉಳಿತಿದ್ದಿಲ್ಲ."

ಅವಳು ತಲೆ ಎತ್ತಿದಳು. ಅಷ್ಟು ದಿನ ಚಹಾದ ಹೊತ್ತಿನಲ್ಲಿ ಹೇಳದೇ ಉಳಿದದ್ದು ಇದೇ ಮಾತು. ಕೆಸರು ಮೆತ್ತಿದ ಅವನ ಮುಖವನ್ನು ಸೆರಗಿನಿಂದ ಮೆಲ್ಲಗೆ ಒರೆಸಿದಳು.

"ತಪ್ಪು ಇಬ್ಬರದೂ ಐತಿ. ಅರ್ಧಾ ನಂದು. ಅದನ್ನ ಸಾಹುಕಾರ್ರ ಮುಂದ ಇಬ್ಬರೂ ಕೂಡೇ ಹೇಳೂಣು," ಎಂದಳು. "ಮತ್ತ... ನೀವು ಎಲ್ಲೂ ಹೋಗಂಗಿಲ್ಲ."

"ಹೋಗಂಗಿಲ್ಲ."

"ಖರೇ?"

"ಖರೇ."

ಒಳಗಿನಿಂದ ಅನ್ನಪೂರ್ಣಳ ಕ್ಷೀಣ ದನಿ ಕೇಳಿತು. "ಉಮಾ, ಅವ್ವಗ ಫೋನ್ ಮಾಡಿದ್ಯಾ?"

"ಮಾಡ್ತೀನಿ ಅಕ್ಕಾ!" ಎಂದವಳು ಕದಲಲಿಲ್ಲ. ಅವನ ತಣ್ಣನೆಯ ಬೆರಳುಗಳನ್ನು ತನ್ನ ಅಂಗೈಗಳ ನಡುವೆ ಇಟ್ಟು ಉಜ್ಜತೊಡಗಿದಳು.

"ನಿಮ್ಮ ಅವ್ವಾರನ್ನ ಒಮ್ಮೆ ಗಜೇಂದ್ರಗಡಕ್ಕ ಕರ್ಕೊಂಡು ಬರ್ರಿ," ಎಂದಳು, ಕೈಯನ್ನೇ ನೋಡುತ್ತಾ.

"ಏನಂತ ಹೇಳಿ ಕರ್ಕೊಂಡು ಬರ್ಲಿ?"

"ಸೊಸಿ ನೋಡಾಕ ಅಂತ..."

ಅವನು ನಕ್ಕ. ನಗುವಿನ ನಡುವೆಯೇ ಅವನ ಕಣ್ಣೂ ತುಂಬಿ ಬಂದವು.

"ಚಳಿ ಹತ್ತೈತೇನ್ರಿ?" ಎಂದು ಕೇಳಿದಳು.

"ಹತ್ತಿತ್ತು," ಎಂದ ಅವನು. "ಈಗಿಲ್ಲ."