ಏಳು ಕುದುರೆಯ ಎಂಜಿನ್

"ಹಗ್ಗ ಸುಡಾಕತ್ತೈತಿ... ನೀರ ಹಾಕ್ರಿ. ನನ್ನ ಮಾರಿ ಏನ್ ನೋಡ್ತೀರಿ?"

ಶಾರವ್ವ ಬೆಚ್ಚಿಬಿದ್ದಳು. ಅವಳು ಹೊಸದಾಗಿ ಬಂದ ಫಿಟ್ಟರನ ಮುಖ ನೋಡುತ್ತಿದ್ದದ್ದು ನಿಜ. ಆದರೆ ಅದನ್ನು ಗಿರಣಿಯ ಮಂದಿಯೆದುರು ಹೀಗೆ ಬಾಯಿಬಿಟ್ಟು ಹೇಳುವುದೇ? ಸಿಟ್ಟಿನಲ್ಲಿ ಅರ್ಧ ಬಕೀಟು ನೀರನ್ನು ಹಗ್ಗಕ್ಕೆ ಹೊಯ್ದಳು, ಉಳಿದರ್ಧವನ್ನು ಅವನ ಅಂಗಿಗೆ!

ಸುತ್ತ ನಿಂತವರೆಲ್ಲ ನಕ್ಕರು. ಅವನು ಮಾತ್ರ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಎಂಥ ಗಂಡಸಪ್ಪಾ ಇವನು...

ಅದು 1978ರ ಸುಗ್ಗಿ. ಅಕ್ಕಿಆಲೂರಿನ ಪರಮೇಶ್ವರಪ್ಪನವರ ಅಕ್ಕಿ ಗಿರಣಿಗೆ ಸವಣೂರಿನಿಂದ ಹಳೆಯ ಡೀಸೆಲ್ ಎಂಜಿನ್ ಬಂದಿತ್ತು. ಅದರ ಹಿತ್ತಾಳೆ ಫಲಕದಲ್ಲಿ ಹತ್ತು ಹಾರ್ಸ್ ಪವರ್ ಎಂದು ಕೊರೆದಿತ್ತು. ಆರಿಸಿ ತಂದವನು ಶಾರವ್ವನ ಅಪ್ಪ, ಎಂಜಿನ್ ಡ್ರೈವರ್ ಹೊಳಬಸಪ್ಪ. ಆದರೆ ಭತ್ತದ ಸಿಪ್ಪೆ ಬಿಡಿಸುವ ಎರಡನೆಯ ಯಂತ್ರಕ್ಕೆ ಬೆಲ್ಟು ಹಾಕಿದರೆ ಸಾಕು, ಎಂಜಿನ್ ಏದುಸಿರು ಬಿಟ್ಟು ನಿಂತೇಬಿಡುತ್ತಿತ್ತು. ಅದರ ನಿಜವಾದ ಶಕ್ತಿ ಎಷ್ಟೆಂದು ಅಳೆಯಲು ಹಿರೇಕೆರೂರಿನ ಫಿಟ್ಟರ್ ನೀಲಪ್ಪನನ್ನು ಕರೆಸಿದ್ದರು.

ಅಳೆಯುವ ರೀತಿ ನೀವು ನೋಡಬೇಕಿತ್ತು. ತಿರುಗುವ ದೊಡ್ಡ ಗಾಲಿಗೆ ಹಗ್ಗ ಸುತ್ತಿ, ಒಂದು ತುದಿಗೆ ತೂಕ ಜೋತುಬಿಟ್ಟು, ಇನ್ನೊಂದು ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟುತ್ತಾರೆ. ಗಾಲಿ ಹಗ್ಗವನ್ನು ಜಗ್ಗುತ್ತದೆ, ಹಗ್ಗ ಗಾಲಿಯನ್ನು ಹಿಡಿಯುತ್ತದೆ. ಆ ಜಗ್ಗಾಟದಲ್ಲಿ ಎಂಜಿನ್ನಿನ ಬಂಡವಾಳ ಬಯಲು! ಹಗ್ಗ ಹೊತ್ತಿಕೊಳ್ಳದಂತೆ ಒಬ್ಬರು ನೀರು ಹೊಯ್ಯುತ್ತಲೇ ಇರಬೇಕು.

ಆ ಕೆಲಸ ಶಾರವ್ವನ ಪಾಲಿಗೆ ಬಂದಿತ್ತು. ಅವಳ ಬಕೀಟಿನ ಮುರಿದ ಹಿಡಿಕೆಗೆ ಅಪ್ಪ ತಂತಿ ಸುತ್ತಿಕೊಟ್ಟಿದ್ದ. ಹೊಳಬಸಪ್ಪ ಎಡಚ. ಅವನು ಹೆಣೆದ ತಂತಿ ಯಾವಾಗಲೂ ಎಡಕ್ಕೇ ತಿರುಗಿರುತ್ತಿತ್ತು. ಗಿರಣಿಯಲ್ಲಿ ಬೇರೆ ಯಾರೂ ಹಾಗೆ ಹೆಣೆಯುತ್ತಿರಲಿಲ್ಲ.

ನೀಲಪ್ಪ ನಳಿಕೆ ಬಿಚ್ಚಿ ತೊಳೆದು ಮತ್ತೆ ಅಳೆದ, ಕವಾಟ ತಿದ್ದಿ ಮತ್ತೆ ಅಳೆದ. ಹೀಗೆ ಒಂದು ವಾರ. ಮೊದಲ ದಿನದ ಸಿಟ್ಟು ಎಲ್ಲಿ ಹೋಯಿತೋ ಶಾರವ್ವನಿಗೇ ತಿಳಿಯಲಿಲ್ಲ. ಅಪ್ಪನ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಬರತೊಡಗಿದವು. ಭತ್ತ ಹಸನು ಮಾಡುವ ಭರಮವ್ವ ಅದನ್ನು ನೋಡಿ, ಡ್ರೈವರನ ಹಸಿವು ಒಮ್ಮೆಲೇ ಯಾಕೆ ಹೆಚ್ಚಿತು ಎಂದು ಕಾಡಿಸುತ್ತಿದ್ದಳು. ಇವನು ಅಳೆದು ಮುಗಿಸದಿದ್ದರೆ ಎಷ್ಟು ಚೆನ್ನ... ಎಂದುಕೊಳ್ಳುತ್ತಿದ್ದಳು ಶಾರವ್ವ.

ಆದರೆ ಮುಗಿಯಿತು. ಏಳು! ಹತ್ತು ಬರೆದ ಎಂಜಿನ್ನಿನಲ್ಲಿ ಏಳು ಕುದುರೆಯ ಬಲವಷ್ಟೇ ಇತ್ತು.

ಹೊಳಬಸಪ್ಪ ನೀಲಪ್ಪನನ್ನು ಪಕ್ಕಕ್ಕೆ ಕರೆದ. ಎಂದೂ ಯಾರ ಮುಂದೆಯೂ ಬಾಗದ ಮನುಷ್ಯ ಅಂದು ದನಿ ತಗ್ಗಿಸಿದ್ದ.

"ಹತ್ತು ಅಂತ ಅಂದುಬಿಡಪಾ. ಊರಾಗ ನನ್ನ ಮಾತು ಉಳೀತೈತಿ."

"ಏಳ ಐತ್ರಿ ಕಾಕಾ. ಹತ್ತರ ಹೊರಿ ಹೇರಿದ್ರ ಜೀವಕ್ಕ ಅಪಾಯ."

ಸಾವಕಾರ ಪರಮೇಶ್ವರಪ್ಪನವರ ಮುಂದೆಯೂ ನೀಲಪ್ಪ ಅದನ್ನೇ ಹೇಳಿದ. ಹೊಳಬಸಪ್ಪ ಅಂದು ಊಟ ಮಾಡಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಶಾರವ್ವ ಅಳುತ್ತ ಕೂತಳು.

ಮರುದಿನ ಬೆಳಗ್ಗೆ ಅಚ್ಚರಿ ಕಾದಿತ್ತು. ಎರಡೂ ಯಂತ್ರ ಒಟ್ಟಿಗೆ ಓಡುತ್ತಿದ್ದವು! ನೋಡಿ ನನ್ನ ಹತ್ತು ಕುದುರೆ ಎಂದು ಹೊಳಬಸಪ್ಪ ಎಲ್ಲರನ್ನೂ ಕೂಗಿ ಕರೆಯುತ್ತಿದ್ದ. ಅಪ್ಪನ ಆ ನಗುವನ್ನು ಶಾರವ್ವ ಮತ್ತೆ ನೋಡಲಿಲ್ಲ.

ಎಂಜಿನ್ ಮಿತಿಮೀರಿ ಓಡದಂತೆ ಹಿಡಿಯಲು ಗವರ್ನರ್ ಎಂಬುದೊಂದಿರುತ್ತದೆ. ಅದು ಅಂದು ಹಿಡಿಯಲಿಲ್ಲ. ಭಾರಕ್ಕೆ ಒಂದು ಬೆಲ್ಟು ಕಳಚಿದ್ದೇ ತಡ, ಎಂಜಿನ್ ಹುಚ್ಚೆದ್ದು ಓಡಿತು. ಇನ್ನೊಂದು ಬೆಲ್ಟು ಹರಿದು ಬೀಸಿತು. ಹೊಳಬಸಪ್ಪ ಕೂಗಲಿಲ್ಲ, ಬಿದ್ದಲ್ಲೇ ಪ್ರಾಣ ಬಿಟ್ಟ. ಮೊರ ಹಿಡಿದು ನಿಂತಿದ್ದ ಭರಮವ್ವನ ಬಲಗೈ ಮೊಣಕೈವರೆಗೆ ಹೋಯಿತು.

ಶಾರವ್ವ ಓಡಿಬಂದಾಗ ಎಂಜಿನ್ ನಿಂತಿತ್ತು. ಸದ್ದು ಕೇಳಿ ಬಸ್ ಸ್ಟ್ಯಾಂಡಿನಿಂದ ಓಡಿಬಂದ ನೀಲಪ್ಪ ಅದನ್ನು ನಿಲ್ಲಿಸಿದ್ದ. ಎಲ್ಲರೂ ಹೆಣದ ಸುತ್ತ ಕೂಡಿದ್ದರೆ, ಅವನು ಎಂಜಿನ್ನಿನಿಂದ ಏನನ್ನೋ ಬಿಚ್ಚಿ ಕಿಸೆಗೆ ಹಾಕಿಕೊಂಡ. ಅವಳು ಕಣ್ಣಾರೆ ಕಂಡಳು.

ಏನು ಮುಚ್ಚಿಟ್ಟಿರಿ ಎಂದು ಕೇಳಿದಳು. ಅವನು ಅವಳನ್ನು ದಾಟಿ ಹೋಗಿ ಭರಮವ್ವನ ಕೈಗೆ ಬಟ್ಟೆ ಬಿಗಿಯತೊಡಗಿದ. ಪೊಲೀಸರು ಬಂದಾಗ ಕಂಡದ್ದನ್ನು ಅವಳು ಹೇಳಿಯೇಬಿಟ್ಟಳು. ಆಗ ನೀಲಪ್ಪ ಕಿಸೆಯಿಂದ ಯಾವುದೋ ಬೋಲ್ಟೊಂದನ್ನು ತೆಗೆದು ಅವರ ಕೈಗಿಟ್ಟು, ತಲೆ ತಗ್ಗಿಸಿ ಒಪ್ಪಿಕೊಂಡ.

"ತಪ್ಪ ನಂದ ರೀ. ಅಳೀವಾಗ ಗವರ್ನರ್ ಬಿಗಿ ಮಾಡಿದ್ದೆ. ಸಡ್ಲ ಮಾಡೂದು ಮರತೆ."

ಅವನು ಜೈಲಿಗೆ ಹೋದ. ಬಿಡುಗಡೆಯಾದ ಮೇಲೆಯೂ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಒಂದು ಗಿರಣಿಯವರೂ ಅವನನ್ನು ಹೊಸ್ತಿಲು ಹತ್ತಿಸಲಿಲ್ಲ.

ಶಾರವ್ವನ ದಿನಗಳು ಹೇಗೆ ಕಳೆದವು ಎಂದು ಕೇಳಬೇಡಿ. ಒಂದೇ ಕೈಯ ಭರಮವ್ವನಿಗೆ ದಿನಾಲೂ ತಲೆ ಬಾಚಿ ತುರುಬು ಕಟ್ಟುವವಳು ಅವಳೇ. ಬಾಚುವಷ್ಟು ಹೊತ್ತೂ ಭರಮವ್ವ ನೀಲಪ್ಪನಿಗೆ ಹಿಡಿಶಾಪ ಹಾಕುತ್ತಿದ್ದಳು. ಶಾರವ್ವ ಹೌದೆನ್ನುತ್ತಿದ್ದಳು. ಹೌದೆಂದ ಬಾಯಿಯೇ ಒಂಟಿಯಾಗಿದ್ದಾಗ ಅವನ ಹೆಸರು ಹೇಳಿ ಅಳುತ್ತಿತ್ತು. ಅಪ್ಪನನ್ನು ಕೊಂದವನ ಮೇಲೆ ಇನ್ನೂ ಜೀವ ಇಟ್ಟಿದ್ದೇನಲ್ಲ, ನಾನೆಂಥ ಮಗಳು...

1981ರಲ್ಲಿ ಗಿರಣಿಗೆ ಕರೆಂಟಿನ ಮೋಟಾರು ಬಂತು. ಹಳೆಯ ಎಂಜಿನ್ ಕೊಳ್ಳಲು ರಟ್ಟೀಹಳ್ಳಿಯವರೊಬ್ಬರು ಬಂದರು. ಕೊಳ್ಳುವ ಮುಂಚೆ ಅಳೆಯಬೇಕೆಂದು ತಮ್ಮದೇ ಫಿಟ್ಟರನನ್ನು ಕರೆತಂದಿದ್ದರು.

ನೀಲಪ್ಪ!

ಗಲ್ಲ ಬತ್ತಿ ಬೆನ್ನು ಬಾಗಿತ್ತು. ಅವನನ್ನು ನೋಡಿ ಗಿರಣಿಯ ಮಂದಿ ಒಬ್ಬೊಬ್ಬರಾಗಿ ಹೊರಗೆ ನಡೆದರು. ನೀರು ಹೊಯ್ಯಲು ಒಬ್ಬರೂ ಉಳಿಯಲಿಲ್ಲ. ಶಾರವ್ವ ಅದೇ ಬಕೀಟು ತಂದು ಎದುರಿಗೆ ನಿಂತಳು. ಇವತ್ತು ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಡುತ್ತೇನೆ ಎಂದು ಹಲ್ಲು ಕಚ್ಚಿದ್ದಳು.

ಅವಳನ್ನು ಕಂಡವನೇ ಅವನು ಅವಸರದಲ್ಲಿ ಚೀಲ ಬಿಚ್ಚಿದ. ಚೀಲದಿಂದ ಹಗ್ಗ ಎಳೆಯುವಾಗ ತುಕ್ಕು ಹಿಡಿದ ತಂತಿಯ ತುಂಡೊಂದು ಅವಳ ಕಾಲ ಬಳಿ ಬಿತ್ತು. ಅವಳು ಎತ್ತಿಕೊಂಡಳು. ಅವನು ಕೊಡಿರೆಂದು ಕೈ ಚಾಚಿದ.

ಎಡಕ್ಕೆ ತಿರುಗಿದ ಹೆಣಿಗೆ...

ಶಾರವ್ವ ಬಕೀಟಿನ ಹಿಡಿಕೆ ನೋಡಿದಳು. ತಂತಿ ನೋಡಿದಳು. ಮತ್ತೆ ಹಿಡಿಕೆ ನೋಡಿದಳು.

"ಹತ್ತು ಕುದುರಿ ತೋರಸಾಕ ಗವರ್ನರ್ ತಂತೀಲೆ ಕಟ್ಟಿದಾವ ನನ್ನಪ್ಪ," ಎಂದಳು.

ನೀಲಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ.

"ನೀವು ಕಿಸೇದಾಗ ಇಟಗೊಂಡಿದ್ದು ಇದನ್ನ. ಯಾಕ್ರಿ? ಯಾಕ ಜೈಲಿಗೆ ಹೋದ್ರಿ?"

"ಭರಮವ್ವ ನಿಮ್ಮ ಬಾಜೂ ಮನಿಯಾಕಿ," ಎಂದ ಅವನು. "ಆಕಿ ಕೈ ಕಳದಾವ ನಿಮ್ಮಪ್ಪ ಅಂತ ಗೊತ್ತಾದ್ರ, ನೀವು ಈ ಊರಾಗ ಹೆಂಗ ಬಾಳ್ತಿದ್ರಿ? ನಂದೇನೈತಿ, ಬ್ಯಾರೆ ಊರಾಂವ. ಬೈಸಿಕೊಂಡು ಹೋಗ್ತೇನಿ ಅನಕೊಂಡೆ."

ತನ್ನ ಬಾಯಿಂದಲೇ ಇವನನ್ನು ಜೈಲಿಗೆ ಕಳಿಸಿದೆನಲ್ಲ! ಶಾರವ್ವ ಅಲ್ಲಿ ನಿಲ್ಲಲಿಲ್ಲ. ಬ್ಯಾಡ್ರಿ ಎಂದು ಅವನು ಕೂಗುತ್ತಿದ್ದರೂ ತಂತಿ ಹಿಡಿದು ನೆಟ್ಟಗೆ ಭರಮವ್ವನ ಮನೆಗೆ ನಡೆದಳು. ಎಲ್ಲವನ್ನೂ ಹೇಳಿದಳು. ಅಪ್ಪನ ಹೆಸರನ್ನು ಮುಚ್ಚಿಡಲಿಲ್ಲ.

ಭರಮವ್ವ ತಂತಿಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನಾಳಿಂದ ತಲಿ ಬಾಚಾಕ ಬರಬ್ಯಾಡ ತಂಗಿ," ಎಂದು ಬಾಗಿಲು ಹಾಕಿಕೊಂಡಳು.

ಸುದ್ದಿ ಊರು ಸುತ್ತಲು ಎಷ್ಟು ಹೊತ್ತು ಬೇಕು? ಶಾರವ್ವ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಜನ ಅವಳನ್ನು ಕಂಡು ಮುಖ ತಿರುಗಿಸತೊಡಗಿದ್ದರು. ನೀಲಪ್ಪ ಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಅವಳು ಅವನ ಪಕ್ಕದಲ್ಲಿ, ಎಲ್ಲರ ಎದುರೇ ಕೂತಳು.

"ಇಷ್ಟ ದಿನ ನಾ ಮುಚ್ಚಿಟ್ಟ ಕಾಯ್ದಿದ್ದನ್ನ ಒಂದ ಗಳಿಗ್ಯಾಗ ಕಳದಿ," ಎಂದ ಅವನು. ಮೊದಲ ಸಲ ಅವಳನ್ನು ನೀನು ಎಂದಿದ್ದ.

ಅವಳು ಕಣ್ಣೊರೆಸಿಕೊಂಡಳು. ಕೇಳಬಾರದೆಂದುಕೊಂಡ ಮಾತು ಬಂದೇಬಿಟ್ಟಿತು.

"ಅವತ್ತ ನೀವು ಹತ್ತು ಅಂದಿದ್ರ, ಅಪ್ಪ ಉಳೀತಿದ್ನೇನ್ರಿ?"

ನೀಲಪ್ಪನ ಕಣ್ಣು ತುಂಬಿದವು.

"ಗೊತ್ತಿಲ್ಲ ಶಾರವ್ವಾ. ದಿನಾ ಕೇಳಕೋತೇನಿ. ಒಬ್ನ ಕುಂತು ಕೇಳಕೋತೇನಿ..."

ಬಸ್ಸು ಬಂದು ನಿಂತಿತು. ಅವಳು ಅವನ ಚೀಲ ಎತ್ತಿಕೊಂಡಳು.

"ಇನ್ನ ಮ್ಯಾಲೆ ಒಬ್ರ ಕೇಳಕೋಬ್ಯಾಡ್ರಿ. ಇಬ್ರೂ ಕೂಡಿ ಕೇಳಕೊಳ್ಳೂಣು."