ಡ್ರಮ್ಮಿನ ಮೇಲಿನ ಕಲ್ಲು

"ಥೂ! ಥೂ! ನಿಮಗೆ ಕಣ್ಣು ಕಾಣಲ್ವೇನ್ರೀ?"

ಸರ್ವಮಂಗಳ ಕಿರುಚಿದ ರಭಸಕ್ಕೆ ಹಿತ್ತಲಿನ ಕಾಗೆಗಳೆಲ್ಲ ಹಾರಿಹೋದವು.

ಅವಳ ಹೊಸ ಗುಲಾಬಿ ಸೀರೆಯ ಮೇಲೆ, ಸೊಂಟದಿಂದ ಅಂಚಿನವರೆಗೆ, ಸಗಣಿ ಬಗ್ಗಡ! ನೊರೆಗಟ್ಟಿದ, ಗಬ್ಬು ನಾರುವ ಬಗ್ಗಡ. ಅದರೊಳಗೆ ಒಂದು ಬಿಳಿ ಹುಳ ಬೇರೆ ಮಿಸುಕಾಡುತ್ತಿತ್ತು!

ಚಿಕ್ಕಂದಿನಿಂದ ಕಡೂರಿನ ಸೋದರಮಾವನ ಮನೆಯಲ್ಲಿ ಬೆಳೆದು, ಟೀಚರ್ ಟ್ರೈನಿಂಗ್ ಮುಗಿಸಿ, ಅಪ್ಪ ತೀರಿಕೊಂಡ ಮೇಲೆ ಒಂಟಿಯಾದ ಅವ್ವನ ಜೊತೆಗಿರಲು ಬಂದವಳು ಅವಳು. ಈಗಷ್ಟೇ ಶಿವನಿ ಸ್ಟೇಷನ್ನಿನಲ್ಲಿ ರೈಲಿಳಿದಿದ್ದಳು. ಸ್ವಾಗತ ನೋಡಿ, ಹೇಗಿದೆ!

ಬಕೆಟ್ ಹಿಡಿದವನು ಪಕ್ಕದ ಮನೆಯ ತೀರ್ಥಪ್ಪ. ಮೊಣಕೈವರೆಗೂ ಸಗಣಿ.

"ತಪ್ಪಾಯ್ತು ಕಣ್ರೀ... ನೀವು ಹಿತ್ತಲ ಕಡೆಯಿಂದ ಬತ್ತೀರಿ ಅಂತ ಗೊತ್ತಾಗ್ಲಿಲ್ಲ. ತಡೀರಿ, ಒರೆಸ್ತೀನಿ..."

ಅವನು ಹೆಗಲಿನ ಟವೆಲ್ ತೆಗೆದ. ಅದರಲ್ಲೂ ಸಗಣಿ!

"ಮುಟ್ಟಿದ್ರೆ ನೋಡಿ!"

ಅವನು ತಲೆಯೆತ್ತಿದ. ನಾಚಿಕೆ, ನಗು ಎರಡೂ ತುಂಬಿದ ಕಣ್ಣು. ಇಂಥಾ ಕಣ್ಣನ್ನ ದೇವರು ಇಂಥಾ ಕೊಳಕನಿಗಾ ಕೊಡೋದು? ಥೂ!

ಸ್ನಾನ ಮಾಡಿ ಬಂದವಳಿಗೆ ಅವ್ವ ವಿಶಾಲಾಕ್ಷಮ್ಮ ಕಾಫಿ ಕೊಟ್ಟಳು. ಅರ್ಧ ಕುಡಿದ ಮೇಲೆ ಅವಳು ಒಲೆಯ ನೀಲಿ ಉರಿಯನ್ನು ನೋಡಿದಳು.

"ಇದ್ಯಾವ ಗ್ಯಾಸು ಅವ್ವಾ?"

"ಗೋಬರ್ ಗ್ಯಾಸ್ ಕಣೇ. ಸಗಣೀದು."

ಬಾಯಲ್ಲಿದ್ದ ಕಾಫಿ ಬಚ್ಚಲಿಗೆ ಹೋಯಿತು. "ವ್ಯಾಕ್! ಸಗಣಿ ಉರೀಲಿ ಕಾಸಿದ್ದನ್ನ ನನಗೆ ಕುಡಿಸ್ತೀಯಾ?"

"ಅಯ್ಯೋ ನಿನ್ನ ನಾಜೂಕು ಬೆಂಕಿಗ್ ಹಾಕ! ಸೌದೆ ಹೊಗೆಗೆ ನನ್ನ ಉಬ್ಬಸ ಕೆರಳೋದು ನೋಡ್ಲಾರ್ದೆ ನಿಮ್ಮಪ್ಪ ಹಾಕ್ಸಿದ್ದು ಇದು. ಗುಂಡೀಲಿ ಗ್ಯಾಸ್ ಹುಟ್ಟಿದ್ರೆ ಮೇಲಿನ ಕಬ್ಬಿಣದ ಡ್ರಮ್ಮು ಏಳ್ತದೆ, ಉರಿಸಿದ್ರೆ ಇಳೀತದೆ. ತೀರ್ಥನ ಮನೇಲೂ ಒಂದೈತೆ. ಎರಡಕ್ಕೂ ನಡುವೆ ಒಂದು ಪೈಪು. ನಮ್ಮಲ್ಲಿ ಹೆಚ್ಚಾದ್ದು ಅವರಿಗೆ, ಅವರಲ್ಲಿ ಹೆಚ್ಚಾದ್ದು ನಮಗೆ. ಇವತ್ತು ಕೊಟ್ಟಿದ್ದು ನಾಳೆ ವಾಪಸ್ ಬತ್ತದೆ."

ಅಂದಿನಿಂದ ಸರ್ವಮಂಗಳ ಮೂಗಿಗೆ ಸೆರಗು ಮುಚ್ಚಿಕೊಂಡೇ ಅಡುಗೆಮನೆಗೆ ಹೋಗುತ್ತಿದ್ದಳು. ಸಾರಿನಲ್ಲೂ ಅವಳಿಗೆ ಸಗಣಿ ವಾಸನೆ. ಕೊಟ್ಟಿಗೆಯತ್ತ ತಲೆಹಾಕಿಯೂ ಮಲಗಲಿಲ್ಲ. ತೀರ್ಥಪ್ಪ ಬೇಲಿಯಾಚೆ ಕಂಡರೆ ಮುಖ ತಿರುಗಿಸುತ್ತಿದ್ದಳು... ತಿರುಗಿಸುವ ಮುನ್ನ ಒಮ್ಮೆ ನೋಡುತ್ತಿದ್ದಳು. ಅದಕ್ಕೂ ತನ್ನ ಮೇಲೆಯೇ ಅವಳಿಗೆ ಸಿಟ್ಟು!

ಎಂಬತ್ತನಾಲ್ಕರ ಮಾಗಿ ಚಳಿ ಬಂತು. ಒಲೆಯ ಉರಿ ಸಣ್ಣಗಾಯಿತು. ಅನ್ನ ಬೇಯಲು ಹೊತ್ತು ಹಿಡಿಯತೊಡಗಿತು.

ಒಂದು ಬೆಳಿಗ್ಗೆ ಹಲ್ಲುಜ್ಜಲು ಹಿತ್ತಲಿಗೆ ಬಂದವಳು ಬೇಲಿಯಾಚೆ ನೋಡಿ ನಿಂತುಬಿಟ್ಟಳು. ತೀರ್ಥಪ್ಪ ಅತ್ತಿತ್ತ ನೋಡುತ್ತಾ ತನ್ನ ಡ್ರಮ್ಮಿನ ಮೇಲೆ ದಪ್ಪ ಕಲ್ಲುಗಳನ್ನು ಹೇರುತ್ತಿದ್ದ.

ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಅವ್ವ ಕಲ್ಲಿಡುವುದನ್ನು ಅವಳು ಕಂಡಿದ್ದಳು. ಒಳಗಿರೋದು ಹೊರಗೆ ಹೋಗಬಾರದು ಅಂತಲ್ಲವೇ ಕಲ್ಲು? ಓಹೋ! ನಮ್ಮ ಗ್ಯಾಸನ್ನ ಎಳ್ಕೊಂಡು, ವಾಪಸ್ ಬರದ ಹಾಗೆ ಭದ್ರ ಮಾಡ್ತಾ ಇದ್ದಾನೆ!

"ಏನ್ರೀ! ಗಂಡಸಿಲ್ಲದ ಮನೆ ಅಂತ ಗ್ಯಾಸ್ ಕದೀತೀರಾ? ನಾಚಿಕೆ ಆಗಲ್ವಾ?"

ಅವನ ಮುಖ ಬಿಳಿಚಿಕೊಂಡಿತು. "ಹಂಗಲ್ಲ ಕಣ್ರೀ..."

"ಮತ್ತೆ ಹೆಂಗೆ? ಹೇಳಿ!"

ಅವನು ಬಾಯಿ ತೆರೆದ. ಅವ್ವ ಇದ್ದ ಅಡುಗೆಮನೆಯ ಕಿಟಕಿಯತ್ತ ನೋಡಿದ. ಸುಮ್ಮನಾದ.

"ಸಗಣಿಗಿಂತ ನಿಮ್ಮ ಬುದ್ಧೀನೇ ನಾರ್ತದೆ!" ಎಂದವಳೇ, ಎಂದೂ ಮುಟ್ಟದ ಆ ಕೊಳಕು ಪೈಪಿನ ವಾಲ್ವನ್ನು ಸೆರಗಿನಲ್ಲಿ ಹಿಡಿದು ತಿರುಗಿಸಿ ಮುಚ್ಚಿಯೇಬಿಟ್ಟಳು.

ಅವನು ಒಳಗೆ ಹೋದ. ಗೆದ್ದೆ ಅಂದುಕೊಂಡಳು. ಗೆದ್ದವಳಿಗೆ ಅಳು ಯಾಕೆ ಬಂತೋ!

ಮರುದಿನ ಕೆಮ್ಮಿನ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಯ ತುಂಬಾ ಹೊಗೆ. ಗ್ಯಾಸ್ ಹತ್ತದೆ ಅವ್ವ ಹಳೇ ಸೌದೆ ಒಲೆ ಹಚ್ಚಿದ್ದಳು. ಈಗ ಗೋಡೆಗೊರಗಿ ಕೂತು, ಕಣ್ಣು ಮೇಲೆ ಮಾಡಿ, ಉಸಿರಿಗಾಗಿ ಒದ್ದಾಡುತ್ತಿದ್ದಳು!

"ಅವ್ವಾ!"

ಹೊರಗೆ ಎತ್ತಿ ತಂದು ಬೆನ್ನು ನೀವಿದಳು. ಬಹಳ ಹೊತ್ತಿಗೆ ವಿಶಾಲಾಕ್ಷಮ್ಮನಿಗೆ ಮಾತು ಬಂತು.

"ವಾಲ್ವು... ಮುಚ್ಚಿದ್ಯೇನೇ?"

"ಅವನು ಕದೀತಿದ್ದ ಅವ್ವಾ! ಕಲ್ಲಿಟ್ಟು..."

"ಲೇ ದಡ್ಡೀ! ಕೊಟ್ಟಿಗೆ ನೋಡಿದ್ಯಾ ಯಾವತ್ತಾದ್ರೂ? ನಿಮ್ಮಪ್ಪ ಹೋದ್ಮೇಲೆ ಉಳಿದಿರೋದು ಒಂದು ಮುದಿ ಎಮ್ಮೆ. ಅದರ ಸಗಣೀಲಿ, ಈ ಚಳೀಲಿ, ಒಂದು ಲೋಟ ನೀರೂ ಕಾಯಲ್ಲ. ಕಲ್ಲಿನ ಭಾರಕ್ಕೆ ಅವನ ಡ್ರಮ್ಮು ಕೆಳಗಿಳಿದು, ಅವನ ಗ್ಯಾಸು ಪೈಪಲ್ಲಿ ನಮ್ಮ ಕಡೆ ಬತ್ತದೆ. ಅದಕ್ಕೇ ಕಣೇ ಕಲ್ಲು! ನಮ್ಮ ಗುಂಡಿಗೂ ಅವನೇ ಬಗ್ಗಡ ಕಲಸಿ ಹುಯ್ತಾನೆ."

ಸರ್ವಮಂಗಳಳಿಗೆ ಆಗ ಹೊಳೆಯಿತು. ಅವತ್ತು ಅವನು ಬಕೆಟ್ ಹಿಡಿದು ನಿಂತಿದ್ದು ತಮ್ಮ ಹಿತ್ತಲಲ್ಲಿ!

"ಮತ್ತೆ ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

"ನಾನೇ ಭಾಷೆ ತಗೊಂಡಿದ್ದೆ. ಮನೆ ಗತಿ ಗೊತ್ತಾದ್ರೆ, ಈ ಸಗಣಿ ಚಾಕರಿ ನಿನ್ನ ತಲೆಗೆ ಬಂದ್ರೆ, ನೀನು ಹೇಸ್ಕೊಂಡು ಮತ್ತೆ ಕಡೂರಿಗೆ ಹೊಂಟೋಗ್ತೀಯಾ ಅಂತ ಹೆದ್ರಿದ್ದೆ." ಅವ್ವನ ಕಣ್ಣು ತುಂಬಿತು. "ತೀರ್ಥನ ಅಮ್ಮ ಹಾಸಿಗೆ ಹಿಡಿದಾಗ ಅವರ ಡ್ರಮ್ಮು ತೂತಾಗಿತ್ತು. ಆಯಮ್ಮನ ಬಿಸಿನೀರು, ಗಂಜಿ ಎಲ್ಲಾ ನಮ್ಮ ಗ್ಯಾಸಲ್ಲೇ ಆಯ್ತು. ಅದನ್ನ ಈಗ ವಾಪಸ್ ಕೊಡ್ತಾವ್ನೆ."

ಹೇಸಿಗೆ! ಈಗ ನಿಜವಾದ ಹೇಸಿಗೆಯಾಯಿತು ಅವಳಿಗೆ, ತನ್ನ ಮೇಲೆ, ತನ್ನ ನಾಲಿಗೆಯ ಮೇಲೆ.

ಓಡಿಹೋಗಿ ಬರಿಗೈಯಲ್ಲೇ ವಾಲ್ವ್ ತೆರೆದಳು. ಗುಂಡಿಯ ತಳಕ್ಕೆ ಕೂತಿದ್ದ ಅವರ ಡ್ರಮ್ಮು ಮೆಲ್ಲಗೆ ಮೇಲೇಳತೊಡಗಿತು. ಅಷ್ಟು ಬೈದರೂ ಅವನು ಕಲ್ಲು ತೆಗೆದಿರಲಿಲ್ಲ!

ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು, ಬುಟ್ಟಿ ಸಗಣಿಯನ್ನು ಬಗ್ಗಡ ಕಲಸುವ ತೊಟ್ಟಿಗೆ ಸುರಿದು, ನೀರು ಹೊಯ್ದು ಎರಡೂ ಕೈ ಇಳಿಸಿದಳು. ಪಿಚಕ್ಕೆಂದು ಬೆರಳ ಸಂದಿಗೆಲ್ಲ ನುಗ್ಗಿತು. ಪಕ್ಕಕ್ಕೆ ಬಗ್ಗಿ ವಾಂತಿ ಮಾಡಿದಳು. ಮತ್ತೆ ಕಲಸಿದಳು.

"ಬಿಡ್ರೀ, ನಾನ್ ಮಾಡ್ತೀನಿ. ನಿಮಗೆ ಆಗಲ್ಲ."

ಹಿಂದೆ ತೀರ್ಥಪ್ಪ.

"ಆಗಲ್ಲ. ಈಗ್ಲೂ ಹೇಸಿಗೆನೇ, ನಾಳೇನೂ ಹೇಸಿಗೆನೇ," ಎಂದಳು ಅಳುತ್ತಾ. "ಆದ್ರೆ ನಿಮ್ಮನ್ನ ಕಳ್ಳ ಅಂದ್ನಲ್ಲ, ಅದಕ್ಕಿಂತ ಹೇಸಿಗೆ ಬೇರೆ ಇಲ್ಲ. ಕ್ಷಮಿಸ್ತೀರಾ?"

"ಅವತ್ತು ಥೂ ಅಂದ್ರಲ್ಲ... ಅವತ್ತೇ ಮನಸ್ಸು ಕೊಟ್ಬಿಟ್ಟೆ. ಇನ್ನು ಕೋಪ ಎಲ್ಲಿಂದ ತರ್ಲಿ?" ಅವನು ತೊಟ್ಟಿಯ ಬಗ್ಗಡದತ್ತ ನೋಡಿದ. "ನಿಮ್ಮವ್ವನ ಹತ್ರ ಹೆಣ್ಣು ಕೇಳ್ಬೇಕು ಅಂತಿದ್ದೆ. ಈ ನಾತಕ್ಕೆ ನೀವು ಬತ್ತೀರೋ ಇಲ್ವೋ ಅಂತ ಹೆದ್ರಿ..."

ಸರ್ವಮಂಗಳ ಬೇಲಿ ದಾಟಿ ಅವನ ಹಿತ್ತಲಿಗೆ ನಡೆದಳು. ಅಲ್ಲಿ ಬಿದ್ದಿದ್ದ ದಪ್ಪ ಕಲ್ಲೊಂದನ್ನು ಎದೆಗವಚಿ ಎತ್ತಿ, ಅವನ ಡ್ರಮ್ಮಿನ ಮೇಲಿಟ್ಟಳು.

"ಇನ್ಮೇಲೆ ದಿನಾ ಈ ಕಲ್ಲು ನಾನೇ ಇಡ್ತೀನಿ," ಎಂದಳು ತಲೆತಗ್ಗಿಸಿ. "ನಮ್ಮನೆ ಗ್ಯಾಸು ಅವ್ವನ ಮನೆಗೆ ಹೋಗ್ಲಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಆ ಕಣ್ಣು ತುಂಬಿಬಂತು.

"ಮಂಗಳಾ... ಕೈ ಕೊಡು."

"ಥೂ, ನಾರ್ತದೆ ಕಣ್ರೀ."

"ನಂದೂ ನಾರ್ತದೆ. ಕೊಡೇ."

ಕೊಟ್ಟಳು.